ಎಷ್ಟು ಆರ್‌ಪಿಎಂನಲ್ಲಿ ಓಡಿಸಿದರೆ ಮೈಲೇಜ್ ಬರುತ್ತದೆ? ಮೈಸೂರು–ಮಂಡ್ಯ ರಸ್ತೆಗಳಲ್ಲಿ ಓಡಾಡುವವರಿಗೆ ಪೂರ್ತಿ ಮಾರ್ಗದರ್ಶಿ

ಕಾರಿನ ಮೈಲೇಜ್ ಬಗ್ಗೆ ಮಾತು ಬಂದರೆ ನಮ್ಮ ಕಡೆ ಎರಡು ಸಲಹೆ ಗ್ಯಾರಂಟಿ. ಒಬ್ಬರು "ಬೇಗ ಟಾಪ್ ಗೇರಿಗೆ ಹಾಕ್ಬಿಡಿ, ಎಂಜಿನ್ ಸದ್ದೇ ಕೇಳಬಾರದು" ಅಂತಾರೆ. ಇನ್ನೊಬ್ಬರು "ಇಳಿಜಾರು ಬಂದ ತಕ್ಷಣ ನ್ಯೂಟ್ರಲ್ ಮಾಡಿ" ಅಂತಾರೆ. ಮೊದಲನೆಯದು ಅರ್ಧ ಸರಿ. ಎರಡನೆಯದು ಪೂರ್ತಿ ತಪ್ಪು, ಅಪಾಯ ಬೇರೆ.

ನಿಜವಾಗಿ ನೋಡಬೇಕಾದ್ದು ಸ್ಪೀಡೋಮೀಟರ್ ಪಕ್ಕದಲ್ಲಿರುವ ಇನ್ನೊಂದು ಮುಳ್ಳನ್ನು. 1, 2, 3, 4 ಅಂತ ಬರೆದಿರುತ್ತದಲ್ಲ, ಅದು ಆರ್‌ಪಿಎಂ ಮೀಟರ್. ಎಂಜಿನ್ ಒಂದು ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತಿದೆ ಅನ್ನುವ ಲೆಕ್ಕ. 2ರ ಮೇಲೆ ಮುಳ್ಳಿದ್ದರೆ 2000 ಸುತ್ತು. ತುಂಬಾ ಜನ ವರ್ಷಗಟ್ಟಲೆ ಕಾರು ಓಡಿಸಿದರೂ ಅದರ ಕಡೆ ಕಣ್ಣೇ ಹಾಯಿಸಿರುವುದಿಲ್ಲ. ಪೆಟ್ರೋಲ್ ಉಳಿಸುವ ಅರ್ಧ ಕೆಲಸ ಅಲ್ಲೇ ಇದೆ.

ಇಡೀ ಬರಹದ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಆರ್‌ಪಿಎಂ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು ಅಂತ ಅಲ್ಲ. ಎಂಜಿನ್ ಅದುರದೆ, ಮುಕ್ಕರಿಸದೆ, ಆರಾಮಾಗಿ ಎಳೆಯುವ ಅತಿ ಕಡಿಮೆ ಆರ್‌ಪಿಎಂ ಯಾವುದೋ ಅದು ಸರಿಯಾದದ್ದು. ಅದು ಸಪಾಟು ರಸ್ತೆಯಲ್ಲಿ ಒಂದು, ಚಾಮುಂಡಿ ಬೆಟ್ಟದ ಏರಿನಲ್ಲಿ ಇನ್ನೊಂದು.

ಜಾಸ್ತಿ ಸುತ್ತಿದರೆ ಪೆಟ್ರೋಲ್ ಯಾಕೆ ಜಾಸ್ತಿ ಬೇಕು?

ಎಂಜಿನ್‌ನ ಒಂದೊಂದು ಸುತ್ತಿಗೂ ಖರ್ಚಿದೆ. ಪಿಸ್ಟನ್ ರಿಂಗು ಸಿಲಿಂಡರ್ ಗೋಡೆಗೆ ಉಜ್ಜುತ್ತದೆ. ಬೇರಿಂಗ್, ಕ್ಯಾಮ್‌ಶಾಫ್ಟ್, ವಾಲ್ವಿನ ಸ್ಪ್ರಿಂಗ್, ಆಯಿಲ್ ಪಂಪ್, ಆಲ್ಟರ್ನೇಟರ್ ಎಲ್ಲವನ್ನೂ ಎಂಜಿನ್ನೇ ತಿರುಗಿಸಬೇಕು. ಕಾರು ಮುಂದೆ ಹೋಗಲಿ, ನಿಂತಿರಲಿ, ಈ ಖರ್ಚು ತಪ್ಪಿದ್ದಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ 2000 ಆರ್‌ಪಿಎಂನಲ್ಲಿ ನಿಮಿಷಕ್ಕೆ 4000 ಸಲ ಇಂಧನ ಸುಡುತ್ತದೆ, ಯಾಕೆಂದರೆ ಒಂದು ಸಿಲಿಂಡರ್ ಎರಡು ಸುತ್ತಿಗೆ ಒಂದು ಸಲ ಸುಡುತ್ತದೆ. 3000ಕ್ಕೆ ಹೋದರೆ 6000 ಸಲ. ಅದೇ ರಸ್ತೆ, ಅದೇ ಸ್ಪೀಡು, ಆದರೆ ಗೇರ್ ಒಂದು ಕೆಳಗಿದ್ದ ಒಂದೇ ಕಾರಣಕ್ಕೆ ಇಷ್ಟು ವ್ಯತ್ಯಾಸ. ಒಂದೊಂದು ಸಲ ಸುಡುವ ಇಂಧನ ಕಡಿಮೆ ಇರುತ್ತದೆ, ನಿಜ. ಆದರೆ ಉಜ್ಜಾಟಕ್ಕೆ ಹೋಗುವ ಪಾಲು ಏರುತ್ತದೆ.

ಎರಡನೇ ಕಾರಣ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಪೆಟ್ರೋಲ್ ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಯಲ್ಲಿ ಥ್ರಾಟಲ್ ಅಂತ ಒಂದು ತಿರುಗುವ ಮುಚ್ಚಳ ಇದೆ. ಆಕ್ಸಿಲರೇಟರ್ ಒತ್ತಿದಷ್ಟು ಅದು ತೆರೆಯುತ್ತದೆ. ಸ್ವಲ್ಪವೇ ಒತ್ತಿದರೆ ಮುಚ್ಚಳ ಹೆಚ್ಚುಕಡಿಮೆ ಮುಚ್ಚಿರುತ್ತದೆ, ಆಗ ಪಿಸ್ಟನ್ ಗಾಳಿ ಎಳೆಯುವುದಕ್ಕೇ ತಿಣುಕಬೇಕು. ಎಳನೀರಿಗೆ ಹಾಕಿದ ಸ್ಟ್ರಾವನ್ನು ಬೆರಳಲ್ಲಿ ಅರ್ಧ ಒತ್ತಿ ಹಿಡಿದು ಹೀರಿದ ಹಾಗೆ. ಆ ತಿಣುಕಾಟಕ್ಕೂ ಪೆಟ್ರೋಲೇ ಬೇಕು.

ಇದರ ಅರ್ಥ ಏನು? ಕೆಳಗಿನ ಗೇರಿನಲ್ಲಿ ಆಕ್ಸಿಲರೇಟರನ್ನು ಸುಮ್ನೆ ಮುಟ್ಟಿ ಮುಟ್ಟಿ ಓಡಿಸುವುದಕ್ಕಿಂತ ಮೇಲಿನ ಗೇರಿನಲ್ಲಿ ಸ್ವಲ್ಪ ಜಾಸ್ತಿ ಒತ್ತಿ ಓಡಿಸಿದರೆ ಖರ್ಚು ಕಡಿಮೆ. ಕಾಲು ಜಾಸ್ತಿ ಒತ್ತಿದರೆ ಪೆಟ್ರೋಲ್ ಜಾಸ್ತಿ ಅಂತಲೇ ನಾವೆಲ್ಲ ಅಂದುಕೊಂಡಿರುತ್ತೇವೆ, ಅಲ್ವಾ? ಒತ್ತಿದ್ದು ಯಾವ ಗೇರಿನಲ್ಲಿ ಅನ್ನುವುದು ಅಷ್ಟೇ ಮುಖ್ಯ. ಡೀಸೆಲ್ ಎಂಜಿನ್ ಶಕ್ತಿಯನ್ನು ಹತೋಟಿ ಮಾಡುವುದು ಗಾಳಿಯಿಂದಲ್ಲ, ಡೀಸೆಲ್ ಪ್ರಮಾಣದಿಂದ. ಹಾಗಾಗಿ ಅದಕ್ಕೆ ಈ ನಷ್ಟ ತುಂಬಾ ಕಡಿಮೆ. ಸಿಟಿಯ ನಿಧಾನ ಓಡಾಟದಲ್ಲೂ ಡೀಸೆಲ್ ಕಾರು ಒಳ್ಳೆ ಮೈಲೇಜ್ ಕೊಡುವುದಕ್ಕೆ ಇದೂ ಒಂದು ಕಾರಣ.

ಹಂತ 1: ಮೊದಲು ಈಗಿನ ಮೈಲೇಜ್ ಅಳೆಯಿರಿ

ಡ್ಯಾಶ್‌ಬೋರ್ಡ್ ತೋರಿಸುವ ಸಂಖ್ಯೆ ನೋಡಿ ತೃಪ್ತಿಪಡಬೇಡಿ. ಬಂಕ್‌ನಲ್ಲಿ ಪೈಪು ತಾನಾಗಿಯೇ ಕಟ್ ಆಗುವವರೆಗೆ ಟ್ಯಾಂಕ್ ಫುಲ್ ಮಾಡಿಸಿ. ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. ಮೂರು-ನಾಲ್ಕು ನೂರು ಕಿಲೋಮೀಟರ್ ಓಡಿಸಿ, ಆಮೇಲೆ ಆದಷ್ಟು ಅದೇ ಬಂಕ್‌ನ ಅದೇ ಪಂಪ್‌ನಲ್ಲಿ ಮತ್ತೆ ಕಟ್ ಆಗುವವರೆಗೆ ತುಂಬಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಾಕಿಸಿದ ಲೀಟರಿನಿಂದ ಭಾಗಿಸಿ. ಅದೇ ನಿಮ್ಮ ಮೈಲೇಜ್. ಎರಡು-ಮೂರು ಟ್ಯಾಂಕ್ ಹೀಗೆ ನೋಡಿದರೆ ಲೆಕ್ಕ ಗಟ್ಟಿಯಾಗುತ್ತದೆ.

ಒಂದು ವಿಷಯ ಮರೆಯಬೇಡಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಮೈಸೂರು ಸುಮಾರು 770, ಮಂಡ್ಯ ಇವೆರಡಕ್ಕಿಂತ ಕೆಳಗೆ, 680ರ ಆಸುಪಾಸು. ಹಾಗಾಗಿ ಮಂಡ್ಯಕ್ಕೆ ಬರುವಾಗ ಮೈಲೇಜ್ ಚೆನ್ನಾಗಿ ಕಾಣುತ್ತದೆ, ಮಂಡ್ಯದಿಂದ ಹೊರಡುವಾಗ ಇಳಿಯುತ್ತದೆ. ಗಾಡಿ ತಪ್ಪಲ್ಲ, ರಸ್ತೆಯೇ ಹಾಗಿದೆ. ಹೋಗಿ ಬಂದ ಎರಡೂ ದಾರಿ ಸೇರಿಸಿ ಲೆಕ್ಕ ಹಾಕಿ.

ಇನ್ನೊಂದು: ಈಗ ಬಂಕ್‌ಗಳಲ್ಲಿ ಸಿಗುವುದು 20% ಎಥೆನಾಲ್ ಬೆರೆಸಿದ ಪೆಟ್ರೋಲ್. ನಮ್ಮ ಕಬ್ಬಿನಿಂದಲೂ ತಯಾರಾಗುವ ಈ ಎಥೆನಾಲ್‌ನಲ್ಲಿ ಒಂದು ಲೀಟರಿಗೆ ಇರುವ ಶಕ್ತಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಹಾಗಾಗಿ ಹಳೇ ಡೈರಿಯಲ್ಲಿ ಬರೆದಿಟ್ಟ ಮೈಲೇಜ್‌ಗೆ ಈಗಿನದನ್ನು ಹೋಲಿಸಿ ಬೇಜಾರಾಗಬೇಡಿ. ಈಗಿನದನ್ನು ಈಗಿನದಕ್ಕೇ ಹೋಲಿಸಿ.

ಹಂತ 2: ನಿಮ್ಮ ಕಾರಿನ ಗೇರ್ ಲೆಕ್ಕ ಬರೆದುಕೊಳ್ಳಿ

ಖಾಲಿ ರಸ್ತೆಯಲ್ಲಿ, ಪಕ್ಕದಲ್ಲಿ ಬರೆದುಕೊಳ್ಳಲು ಒಬ್ಬರನ್ನು ಕೂರಿಸಿಕೊಂಡು, ಒಂದೊಂದು ಗೇರಿನಲ್ಲೂ ಒಂದೇ ವೇಗಕ್ಕೆ ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿ. 50 ಕಿಲೋಮೀಟರ್ ವೇಗದಲ್ಲಿ ಮೂರನೇ ಗೇರಿಗೆ ಎಷ್ಟು, ನಾಲ್ಕನೆಯದಕ್ಕೆ ಎಷ್ಟು, ಐದನೆಯದಕ್ಕೆ ಎಷ್ಟು. ಒಂದೇ ಗೇರಿನಲ್ಲಿ ಇರುವ ತನಕ ವೇಗ ಏರಿದ ಪ್ರಮಾಣದಲ್ಲೇ ಆರ್‌ಪಿಎಂ ಏರುತ್ತದೆ. ಐದನೇ ಗೇರಿನಲ್ಲಿ 80ಕ್ಕೆ 2400 ಇದ್ದರೆ 100ಕ್ಕೆ 3000 ಆಗಲೇಬೇಕು. ಇದು ಗೊತ್ತಿದ್ದರೆ ಆರ್‌ಪಿಎಂ ಮೀಟರೇ ಇಲ್ಲದ ಹಳೇ ಕಾರನ್ನೂ ಸರಿಯಾಗಿ ಓಡಿಸಬಹುದು. ಸಾಮಾನ್ಯ ಪೆಟ್ರೋಲ್ ಹ್ಯಾಚ್‌ಬ್ಯಾಕ್‌ಗೆ ಸಪಾಟು ರಸ್ತೆಯಲ್ಲಿ 20ರ ಹತ್ತಿರ ಎರಡನೇ ಗೇರ್, 30ಕ್ಕೆ ಮೂರು, 45ಕ್ಕೆ ನಾಲ್ಕು, 55-60ಕ್ಕೆ ಐದು. ಇದನ್ನು ಶಾಸನ ಅಂದುಕೊಳ್ಳಬೇಡಿ. ನಿಮ್ಮ ಗಾಡಿಯ ಗೇರ್ ಅನುಪಾತ ಬೇರೆ ಇದ್ದರೆ ಐದು-ಹತ್ತು ಕಿಲೋಮೀಟರ್ ಆಚೀಚೆ ಆಗುತ್ತದೆ.

ಹಂತ 3: ಹೊರಡುವಾಗ ತೀರಾ ಮೆಲ್ಲಗೂ ಬೇಡ

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮುಳ್ಳು 1200ರವರೆಗೂ ಹೋಗಿ ನಿಧಾನವಾಗಿ ಕೆಳಗಿಳಿಯುತ್ತದೆ. ತಣ್ಣಗಿರುವ ಎಂಜಿನ್ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ. ಮನೆ ಮುಂದೆ ಐದು ನಿಮಿಷ ನಿಲ್ಲಿಸಿಕೊಂಡು ಬಿಸಿ ಮಾಡುವ ಅಭ್ಯಾಸ ಕಾರ್ಬ್ಯುರೇಟರ್ ಕಾಲದ್ದು. ಈಗಿನ ಫ್ಯೂಯೆಲ್ ಇಂಜೆಕ್ಷನ್ ಕಾರಿಗೆ ಅರ್ಧ ನಿಮಿಷ ಸಾಕು. ಆಮೇಲೆ ಹೊರಡಿ, ಮೊದಲ ಎರಡು-ಮೂರು ಕಿಲೋಮೀಟರ್ 2500 ದಾಟಿಸದೆ ಓಡಿಸಿ. ನಡೆಯುತ್ತಾ ಬಿಸಿಯಾಗುವ ಎಂಜಿನ್ ನಿಂತು ಬಿಸಿಯಾಗುವುದಕ್ಕಿಂತ ಬೇಗ ಹದಕ್ಕೆ ಬರುತ್ತದೆ.

ವೇಗ ಹೆಚ್ಚಿಸುವಾಗ ಆಕ್ಸಿಲರೇಟರನ್ನು ಅರ್ಧದಷ್ಟು ಒತ್ತಿ, ಮುಳ್ಳು 2000–2500ಕ್ಕೆ ಬಂದಾಗ ಮುಂದಿನ ಗೇರ್ ಹಾಕಿ. ಗೇರ್ ಬಿದ್ದ ಮೇಲೆ ಮುಳ್ಳು 1500ರ ಆಸುಪಾಸಿಗೆ ಇಳಿದು ಮತ್ತೆ ಏರಲು ಶುರುವಾಗಬೇಕು. ಡೀಸೆಲ್ ಆದರೆ 1800–2000ಕ್ಕೇ ಬದಲಾಯಿಸಬಹುದು, ಅದಕ್ಕೆ ಎಳೆಯುವ ಬಲ ಕೆಳಗೇ ಸಿಗುತ್ತದೆ. ಪೂರ್ತಿ ನೆಲಕ್ಕೆ ಒತ್ತಬೇಡಿ. ಪೆಟ್ರೋಲ್ ಎಂಜಿನ್‌ಗೆ ಪೂರ್ತಿ ಒತ್ತಿದಾಗ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಗಾಳಿಯ ಲೆಕ್ಕಕ್ಕಿಂತ ಜಾಸ್ತಿ ಪೆಟ್ರೋಲ್ ಸುರಿಯುತ್ತದೆ, ಎಂಜಿನ್ ಒಳಭಾಗ ತೀರಾ ಕಾಯದಿರಲಿ ಅಂತ. ಹಾಗಂತ ಮೊಟ್ಟೆ ಮೇಲೆ ಕಾಲಿಟ್ಟವರಂತೆ ಮೆಲ್ಲ ಮೆಲ್ಲ ಒತ್ತುತ್ತಾ ಹೋದರೆ ಕೆಳಗಿನ ಗೇರುಗಳಲ್ಲೇ ಅರ್ಧ ದಾರಿ ಕಳೆದುಹೋಗುತ್ತದೆ. ಅದೂ ನಷ್ಟವೇ.

ಹಂತ 4: ಎಂಜಿನ್ ಮುಕ್ಕರಿಸುವುದನ್ನು ಗುರುತಿಸಲು ಕಲಿಯಿರಿ

ಈ ಭಾಗಕ್ಕೆ ಸ್ವಲ್ಪ ಜಾಸ್ತಿ ಗಮನ ಕೊಡಿ. ಮೈಲೇಜ್ ಆಸೆಗೆ ಎಂಜಿನ್ ಹಾಳು ಮಾಡಿಕೊಳ್ಳುವುದು ಇಲ್ಲೇ.

ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯ, ಪಾಂಡವಪುರ, ಮದ್ದೂರಿನ ಒಳರಸ್ತೆಗಳಲ್ಲಿ ಓಡಾಡಿದವರಿಗೆ ಗೊತ್ತು. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್, ಅದರ ಹಿಂದೆ ಎರಡು ಟ್ರೈಲರ್. ನೀವು ಐದನೇ ಗೇರಿನಲ್ಲಿ 60ರಲ್ಲಿ ಬಂದವರು ಬ್ರೇಕ್ ಹಿಡಿದು 35ಕ್ಕೆ ಇಳಿಯುತ್ತೀರಿ. ಎದುರು ರಸ್ತೆ ಖಾಲಿಯಾಯಿತು ಅಂತ ಗೇರ್ ಬದಲಾಯಿಸದೆ ಹಾಗೇ ಆಕ್ಸಿಲರೇಟರ್ ಒತ್ತಿದರೆ ಮುಳ್ಳು 1000ದ ಹತ್ತಿರ ಇರುತ್ತದೆ, ಗಾಡಿ ಎಳೆಯುವುದೇ ಇಲ್ಲ, ಸ್ಟೀರಿಂಗ್ ನಡುಗುತ್ತದೆ, ಬಾನೆಟ್ ಒಳಗಿನಿಂದ ಗುಡುಗುಡು ಅಂತ ದಪ್ಪ ಸದ್ದು. ಮೆಕ್ಯಾನಿಕ್‌ಗಳು ಇದನ್ನೇ "ಗಾಡಿ ಲೋಡ್ ತಗೋತಿದೆ" ಅನ್ನುವುದು.

ಇಷ್ಟು ಕಡಿಮೆ ಸುತ್ತಿನಲ್ಲಿ ಇಷ್ಟು ಭಾರ ಬಿದ್ದಾಗ ಸಿಲಿಂಡರ್ ಒಳಗೆ ಇಂಧನ ಹದವಾಗಿ ಉರಿಯದೆ ಅಲ್ಲಲ್ಲಿ ತಾನಾಗಿಯೇ ಸಿಡಿಯುವ ಸಾಧ್ಯತೆ ಹೆಚ್ಚು. ಟಕಟಕ ಅಂತ ಕೇಳುವ ಸದ್ದು ಅದರದ್ದೇ. ನಾಕ್ ಸೆನ್ಸರ್ ಅದನ್ನು ಹಿಡಿದ ಕೂಡಲೇ ಕಂಪ್ಯೂಟರ್ ಸ್ಪಾರ್ಕನ್ನು ತಡವಾಗಿ ಕೊಡಲು ಶುರು ಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಆದರೆ ಅದೇ ಪೆಟ್ರೋಲಿಗೆ ಸಿಗುವ ಶಕ್ತಿ ಕಡಿಮೆಯಾಗುತ್ತದೆ. ಅಂದರೆ ಉಳಿಸಲು ಹೋಗಿ ಕಳೆದುಕೊಂಡ ಹಾಗಾಯಿತು. ಟರ್ಬೊ (ಎಂಜಿನ್ ಒಳಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇರುವ ಸಣ್ಣ ಪೆಟ್ರೋಲ್ ಎಂಜಿನ್‌ಗಳಲ್ಲಂತೂ 1500ಕ್ಕಿಂತ ಕೆಳಗೆ ಜೋರಾಗಿ ಒತ್ತಲೇಬೇಡಿ. ಸ್ಪಾರ್ಕ್ ಬರುವ ಮುಂಚೆಯೇ ಇಂಧನ ಹತ್ತಿಕೊಂಡು ಪಿಸ್ಟನ್ ಒಡೆಯುವ ಅಪಾಯ ಅಂಥ ಎಂಜಿನ್‌ಗಳಿಗಿದೆ.

ಪರೀಕ್ಷೆ ಸುಲಭ. ಈಗಿರುವ ಗೇರಿನಲ್ಲಿ ಆಕ್ಸಿಲರೇಟರನ್ನು ಇನ್ನೊಂದು ಸ್ವಲ್ಪ ಒತ್ತಿ. ಗಾಡಿ ತಕ್ಷಣ ವೇಗ ತೆಗೆದುಕೊಂಡರೆ ಗೇರ್ ಸರಿ ಇದೆ. ಸದ್ದು ಮಾತ್ರ ದಪ್ಪಗಾಗಿ ವೇಗ ಏರದಿದ್ದರೆ ಒಂದು ಗೇರ್ ಇಳಿಸಿ. ಓವರ್‌ಟೇಕ್ ಮಾಡುವಾಗ ಮೂರನೇ ಗೇರಿಗೆ ಇಳಿಸಿ 3500ರವರೆಗೆ ಏರಿಸಿದರೂ ಚಿಂತೆ ಬೇಡ. ಹತ್ತು ಸೆಕೆಂಡಿನ ಪೆಟ್ರೋಲ್ ಅದು. ಜೀವಕ್ಕಿಂತ ಮೈಲೇಜ್ ದೊಡ್ಡದಲ್ಲ.

ಹಂತ 5: ಎಕ್ಸ್‌ಪ್ರೆಸ್‌ವೇ ಮೇಲೆ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ನಮ್ಮ ಓಡಾಟದ ರೀತಿಯೇ ಬದಲಾಯಿತು. ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲದಕ್ಕೂ ಬೈಪಾಸ್. ಸಿಗ್ನಲ್ ಇಲ್ಲ, ಹಂಪ್ ಇಲ್ಲ. ಗೇರ್ ಟಾಪ್‌ನಲ್ಲೇ ಇರುತ್ತದೆ. ಹಾಗಾಗಿ ಇಲ್ಲಿ ಆರ್‌ಪಿಎಂ ನಿರ್ಧಾರ ಮಾಡುವುದು ನಿಮ್ಮ ವೇಗ ಮಾತ್ರ.

ಇಲ್ಲಿ ಎರಡು ಖರ್ಚು ಒಟ್ಟಿಗೆ ಏರುತ್ತವೆ. ವೇಗ ಏರಿದಷ್ಟು ಎಂಜಿನ್ ಸುತ್ತು ಜಾಸ್ತಿ, ಅದು ಒಂದು. ಅದಕ್ಕಿಂತ ದೊಡ್ಡದು ಗಾಳಿ. ಗಾಳಿ ತಡೆಯುವ ಬಲ ವೇಗದ ವರ್ಗದಂತೆ ಏರುತ್ತದೆ. 80ರಲ್ಲಿ ಇದ್ದದ್ದು 100ಕ್ಕೆ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ, 120ಕ್ಕೆ ಎರಡೂಕಾಲು ಪಟ್ಟು. ಸಣ್ಣ ಕಾರನ್ನು 80ರಲ್ಲಿ ಸಮನಾಗಿ ಓಡಿಸಲು ಹತ್ತು-ಹದಿನೈದು ಹಾರ್ಸ್‌ಪವರ್ ಸಾಕು. 80 ಹಾರ್ಸ್‌ಪವರ್ ಎಂಜಿನ್‌ಗೆ ಅದು ಏನೂ ಅಲ್ಲ, ಅದಕ್ಕೇ 80ರಲ್ಲಿ ಗಾಡಿ ಅಷ್ಟು ಹಗುರವಾಗಿ ಹೋಗುತ್ತದೆ.

ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. 100ರಲ್ಲಿ ಹೋದರೆ 27 ನಿಮಿಷ, 80ರಲ್ಲಿ ಹೋದರೆ 34. ಏಳು ನಿಮಿಷದ ವ್ಯತ್ಯಾಸ. ನನ್ನ ಮಟ್ಟಿಗೆ 80–90ರ ನಡುವೆ, ಎಡಗಡೆ ಲೇನ್‌ನಲ್ಲಿ, ಸಮನಾದ ವೇಗದಲ್ಲಿ ಹೋಗುವುದೇ ಸರಿ. ಕಾರುಗಳಿಗೆ ಮಿತಿ ಇರುವುದೂ 100. ಏರಿಸಿ ಇಳಿಸಿ, ಬ್ರೇಕ್ ಹಿಡಿದು ಮತ್ತೆ ಒತ್ತಿ ಓಡಿಸಿದರೆ ಸರಾಸರಿ 85 ಬಂದರೂ ಪೆಟ್ರೋಲ್ ಮಾತ್ರ 100ರದ್ದೇ ಹೋಗುತ್ತದೆ. ಈ ವೇಗದಲ್ಲಿ ಕಿಟಕಿ ತೆಗೆದು ಹೋಗುವುದಕ್ಕಿಂತ ಮುಚ್ಚಿ ಎಸಿ ಹಾಕಿಕೊಳ್ಳಿ. ಮೇಲೆ ಖಾಲಿ ಲಗೇಜ್ ಕ್ಯಾರಿಯರ್ ಇದ್ದರೆ ಬಿಚ್ಚಿಡಿ.

ಹಂತ 6: ಬೆಟ್ಟ ಹತ್ತುವಾಗ, ಇಳಿಯುವಾಗ

ಚಾಮುಂಡಿ ಬೆಟ್ಟ ಊರಿನಿಂದ ಸುಮಾರು 300 ಮೀಟರ್ ಎತ್ತರ. ಜನ ಸೇರಿ 1100 ಕಿಲೋ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಎತ್ತಲು ಮಾತ್ರವೇ 400 ಮಿಲಿಲೀಟರಿನ ಹತ್ತಿರ ಪೆಟ್ರೋಲ್ ಬೇಕು, ಎಂಜಿನ್ ಪೆಟ್ರೋಲಿನ ಶಕ್ತಿಯಲ್ಲಿ ಕಾಲು ಭಾಗವನ್ನು ಚಕ್ರಕ್ಕೆ ಕೊಡುತ್ತದೆ ಅಂತ ಇಟ್ಟುಕೊಂಡರೆ. ಇದನ್ನು ಯಾವ ಜಾಣತನದಿಂದಲೂ ಉಳಿಸಲಾಗುವುದಿಲ್ಲ. ಹಾಗಾಗಿ ಹತ್ತುವಾಗ ಮೈಲೇಜ್ ಮರೆತು ಎಂಜಿನ್‌ಗೆ ಕಷ್ಟ ಆಗದ ಹಾಗೆ ನೋಡಿಕೊಳ್ಳಿ. ತಿರುವಿಗೆ ಮುಂಚೆಯೇ ಗೇರ್ ಇಳಿಸಿ, ಎರಡು ಅಥವಾ ಮೂರನೇ ಗೇರಿನಲ್ಲಿ 2000–3000 ನಡುವೆ ಇರಲಿ. ಗಾಡಿ ಸೋತ ಮೇಲೆ ಗೇರ್ ಇಳಿಸಿದರೆ ಮತ್ತೆ ವೇಗ ಕೂಡಿಸಲು ಇನ್ನಷ್ಟು ಪೆಟ್ರೋಲ್. ಮೇಲುಕೋಟೆ ಹತ್ತುವಾಗಲೂ ಇದೇ.

ಉಳಿತಾಯ ಇರುವುದು ಇಳಿಯುವಾಗ. ಹತ್ತಿದ ಗೇರಿನಲ್ಲೇ ಇಳಿಯಿರಿ ಅಂತ ಹಿರಿಯರು ಹೇಳುವ ಮಾತು ಮೈಲೇಜ್‌ಗೂ ಸರಿ. ಗೇರ್ ಇದ್ದು ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆದಾಗ, ಇಂಜೆಕ್ಷನ್ ಇರುವ ಕಾರಿನ ಕಂಪ್ಯೂಟರ್ ಇಂಧನವನ್ನೇ ನಿಲ್ಲಿಸುತ್ತದೆ. ಚಕ್ರಗಳೇ ಎಂಜಿನ್ ತಿರುಗಿಸುತ್ತಿರುತ್ತವೆ, ಮುಳ್ಳು 2500 ತೋರಿಸಿದರೂ ಖರ್ಚು ಸೊನ್ನೆ. ಆ ಕ್ಷಣದ ಮೈಲೇಜ್ ತೋರಿಸುವ ಡಿಸ್‌ಪ್ಲೇ ಇದ್ದರೆ ನೋಡಿ, ಅದು ತೋರಿಸಬಲ್ಲ ಅತಿ ದೊಡ್ಡ ಸಂಖ್ಯೆಗೆ ಹೋಗಿ ನಿಂತಿರುತ್ತದೆ. ಮುಳ್ಳು 1200–1500ರ ಹತ್ತಿರ ಬಂದಾಗ ಮತ್ತೆ ಇಂಧನ ಶುರುವಾಗುತ್ತದೆ, ಇಲ್ಲದಿದ್ದರೆ ಎಂಜಿನ್ ಆಫ್ ಆಗುತ್ತದಲ್ಲ.

ನ್ಯೂಟ್ರಲ್ ಮಾಡಿದರೆ? ಎಂಜಿನ್ ತಾನೇ ಉರಿದುಕೊಂಡು ತಿರುಗಬೇಕು, ಅದಕ್ಕೆ ಪೆಟ್ರೋಲ್ ಬೇಕು. ವೇಗ ತಡೆಯಲು ಬರೀ ಬ್ರೇಕ್. ಬ್ರೇಕ್ ಕಾದು ಹಿಡಿಯದೇ ಹೋದರೆ ಆ ತಿರುವುಗಳಲ್ಲಿ ಏನಾಗಬಹುದು ಯೋಚಿಸಿ. ಕೆಲವರು ಎಂಜಿನ್ನೇ ಆಫ್ ಮಾಡಿ ಇಳಿಸುತ್ತಾರೆ. ದಯವಿಟ್ಟು ಮಾಡಬೇಡಿ. ಪವರ್ ಸ್ಟೀರಿಂಗ್ ಹೋಗುತ್ತದೆ, ಎರಡು-ಮೂರು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ.

ಇದೇ ಉಪಾಯ ಹಂಪ್‌ಗಳಿಗೂ ಒಳ್ಳೆಯದು. ಹುಣಸೂರು ರಸ್ತೆಯಲ್ಲೋ ತಿ. ನರಸೀಪುರದ ಕಡೆಯೋ ಊರು ಬರುತ್ತಿದೆ ಅಂತ ಗೊತ್ತಾದ ಕೂಡಲೇ ಕಾಲು ತೆಗೆಯಿರಿ, ಕ್ಲಚ್ ಒತ್ತಬೇಡಿ. ಹಂಪ್ ಹತ್ತಿರ ಬರುವಷ್ಟರಲ್ಲಿ ವೇಗ ತಾನೇ ಇಳಿದಿರುತ್ತದೆ, ಅಷ್ಟು ದೂರ ಪುಕ್ಕಟೆ ಪ್ರಯಾಣ.

ಹಂತ 7: ಸಿಗ್ನಲ್‌ನಲ್ಲಿ

ನಿಂತ ಕಾರಿನ ಮೈಲೇಜ್ ಸೊನ್ನೆ. ಸಣ್ಣ ಪೆಟ್ರೋಲ್ ಕಾರು 800 ಆರ್‌ಪಿಎಂನಲ್ಲಿ ಸುಮ್ನೆ ನಿಂತಿದ್ದರೂ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಕುಡಿಯುತ್ತದೆ, ಎಸಿ ಇದ್ದರೆ ಇನ್ನೂ ಜಾಸ್ತಿ. ಸಂಜೆ ಹೊತ್ತು ರಾಮಸ್ವಾಮಿ ಸರ್ಕಲ್‌ನಲ್ಲೋ, ದಸರಾ ದೀಪಾಲಂಕಾರ ನೋಡಲು ಹೋಗಿ ಸಿಕ್ಕಿಹಾಕಿಕೊಂಡ ಸಾಲಿನಲ್ಲೋ ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಕು ಅನ್ನಿಸಿದರೆ ಆಫ್ ಮಾಡಿ. ಊರ ಒಳಗೆ ಕೆಲಸ ಇಲ್ಲದಿದ್ದರೆ ರಿಂಗ್ ರೋಡ್ ಹಿಡಿಯಿರಿ. ದೂರ ಎರಡು-ಮೂರು ಕಿಲೋಮೀಟರ್ ಜಾಸ್ತಿ ಆದರೂ ನಾಲ್ಕನೇ ಗೇರಿನಲ್ಲಿ ಸಮನಾಗಿ ಹೋಗಬಹುದು.

ಹಂತ 8: ಆಟೊಮ್ಯಾಟಿಕ್ ಕಾರಾದರೆ

ಎಎಂಟಿ, ಅಂದರೆ ಮಾಮೂಲಿ ಗೇರ್‌ಬಾಕ್ಸಿನ ಕ್ಲಚ್, ಗೇರ್ ಕೆಲಸವನ್ನು ಯಂತ್ರವೇ ಮಾಡುವ ವ್ಯವಸ್ಥೆ, ನಿಮ್ಮ ಕಾಲನ್ನು ನೋಡಿ ಗೇರ್ ನಿರ್ಧಾರ ಮಾಡುತ್ತದೆ. 2000 ದಾಟಿದ ಮೇಲೂ ಗೇರ್ ಬದಲಾಗದಿದ್ದರೆ ಕಾಲನ್ನು ಒಂಚೂರು ಸಡಿಲಿಸಿ, ಮೇಲಿನ ಗೇರಿಗೆ ಹೋಗುತ್ತದೆ. ಬಿಡಿ ಬಿಡಿ ಗೇರುಗಳೇ ಇಲ್ಲದೆ ಅನುಪಾತವನ್ನು ನಿರಂತರವಾಗಿ ಬದಲಾಯಿಸುವ ಸಿವಿಟಿಯಲ್ಲಿ ಜೋರಾಗಿ ಒತ್ತಿದರೆ ಮುಳ್ಳು ಏರಿ ಅಲ್ಲೇ ನಿಂತುಬಿಡುತ್ತದೆ, ವೇಗ ನಿಧಾನವಾಗಿ ಹಿಂಬಾಲಿಸುತ್ತದೆ. ಅರ್ಧಕ್ಕಿಂತ ಕಡಿಮೆ ಒತ್ತಿದರೆ ಅದೇ ಗೇರ್‌ಬಾಕ್ಸ್ 1500ರಲ್ಲೇ ಚೆನ್ನಾಗಿ ಓಡಿಸುತ್ತದೆ. ಸ್ಪೋರ್ಟ್ ಮೋಡ್ ದಿನನಿತ್ಯಕ್ಕೆ ಬೇಡ. ಬೆಟ್ಟ ಇಳಿಯುವಾಗ ಮಾತ್ರ ಕೆಳ ಗೇರ್ ಹಿಡಿದಿಡುವ ಮೋಡ್ ಅಥವಾ ಮ್ಯಾನುಯಲ್ ಮೋಡ್ ಬಳಸಿ.

ಇಷ್ಟು ಮಾಡಿದರೂ ಮೈಲೇಜ್ ಬರದಿದ್ದರೆ

ಮೊದಲು ಟೈರ್ ಗಾಳಿ ನೋಡಿ. ಡ್ರೈವರ್ ಬಾಗಿಲಿನ ಪಕ್ಕದ ಸ್ಟಿಕ್ಕರ್‌ನಲ್ಲಿ ಎಷ್ಟು ಅಂತ ಬರೆದಿರುತ್ತದೆ, ಟೈರ್ ತಣ್ಣಗಿರುವಾಗ ಅಷ್ಟು ಹಿಡಿಸಿ. ನಂತರ ಏರ್ ಫಿಲ್ಟರ್. ಸಪಾಟು ಜಾಗದಲ್ಲಿ ನ್ಯೂಟ್ರಲ್ ಮಾಡಿ ಕಾರು ತಳ್ಳಿ ನೋಡಿ. ಒಬ್ಬರಿಗೇ ಅಲುಗದಿದ್ದರೆ ಬ್ರೇಕ್ ಎಲ್ಲೋ ಹಿಡಿದುಕೊಂಡಿದೆ. ಟೆಂಪರೇಚರ್ ಮುಳ್ಳು ಎಷ್ಟು ಹೊತ್ತಾದರೂ ಕೆಳಗೇ ಇದ್ದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್) ತೆರೆದೇ ಉಳಿದಿರಬಹುದು, ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಕೊಡುತ್ತಲೇ ಇರುತ್ತದೆ.

ಆರ್‌ಪಿಎಂ ಮೀಟರೇ ಹಿಡಿದುಕೊಡುವ ಒಂದು ರೋಗವೂ ಇದೆ. ನಾಲ್ಕನೇ ಅಥವಾ ಐದನೇ ಗೇರಿನಲ್ಲಿ 50–60ರಲ್ಲಿ ಹೋಗುತ್ತಾ ಜೋರಾಗಿ ಒತ್ತಿ. ಮುಳ್ಳು ಛಂಗನೆ ಮೇಲೆ ಹಾರಿ, ಸ್ಪೀಡು ಮಾತ್ರ ಇದ್ದಲ್ಲೇ ಇದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಹಂತ 2ರಲ್ಲಿ ಬರೆದುಕೊಂಡ ಪಟ್ಟಿ ಆಗ ಕೆಲಸಕ್ಕೆ ಬರುತ್ತದೆ: ಅದೇ ಗೇರ್, ಅದೇ ವೇಗಕ್ಕೆ ಈಗ ಮುಳ್ಳು ಜಾಸ್ತಿ ತೋರಿಸುತ್ತಿದೆಯಾ ನೋಡಿ. ತೋರಿಸಿದರೆ ತಡ ಮಾಡದೆ ಗ್ಯಾರೇಜಿಗೆ ಒಯ್ಯಿರಿ, ಪ್ಲೇಟ್ ಜೊತೆಗೆ ಪ್ರೆಶರ್ ಪ್ಲೇಟ್ ಮತ್ತು ರಿಲೀಸ್ ಬೇರಿಂಗ್ ಕೂಡ ಒಂದೇ ಸಲ ಬದಲಾಯಿಸಿಬಿಡಿ. ಎರಡನೇ ಸಲ ಗೇರ್‌ಬಾಕ್ಸ್ ಇಳಿಸುವ ಕೂಲಿ ಉಳಿಯುತ್ತದೆ.